ಹೆವಿ ಲೈಸೆನ್ಸಿನ ಫಾರಂ 1ಎ: ಡಾಕ್ಟರ ಹತ್ತಿರ ಹೋಗುವ ಮೊದಲು ಏನು ಮಾಡಬೇಕು, ಕಾಗದ ಎಲ್ಲಿ ತಪ್ಪುತ್ತದೆ

ಲಾರಿ, ಬಸ್ಸು, ಟಿಪ್ಪರ್, ಟ್ಯಾಂಕರ್ ಓಡಿಸುವವರಿಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ ಒಂದೇ ಹಾಳೆಯದು. ಅದರ ಹೆಸರು ಫಾರಂ 1ಎ. ಪರೀಕ್ಷೆಯೇ ಇಲ್ಲದೆ ಸಹಿ, ಸೀಲು ಬಿದ್ದ ಹಾಳೆ ದುಡ್ಡು ಕೊಟ್ಟರೆ ಸಿಗುವುದೂ ಉಂಟು. ಅಂಥ ಹಾಳೆಯಿಂದ ಲೈಸೆನ್ಸ್ ಬಂದೀತು. ಆದರೆ ಕಣ್ಣು, ಕಿವಿ, ಸಕ್ಕರೆ ಮೊದಲಿದ್ದ ಹಾಗೇ ಇರುತ್ತವೆ. ಮೋಸದಿಂದಲೋ ತಪ್ಪು ಮಾಹಿತಿಯಿಂದಲೋ ಪಡೆದ ಲೈಸೆನ್ಸನ್ನು ರದ್ದು ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿದೆ. ಸರಿಯಾದ ಕ್ರಮದಲ್ಲಿ ಹೋದರೆ ನಿಜವಾದ ಪರೀಕ್ಷೆ ಮುಗಿಯಲು ಅರ್ಧ ಗಂಟೆ ಸಾಕು. ಬಹಳಷ್ಟು ಡ್ರೈವರ್‌ಗಳು ಎಡವುವುದು ಈ ಕ್ರಮದಲ್ಲೇ: ಕನ್ನಡಕ ಮಾಡಿಸುವ ಮೊದಲೇ ಡಾಕ್ಟರ ಮುಂದೆ ನಿಲ್ಲುತ್ತಾರೆ, ಸಕ್ಕರೆ ಹತೋಟಿಗೆ ಬರುವ ಮೊದಲೇ ಕನ್ನಡಕ ಮಾಡಿಸುತ್ತಾರೆ.

ಯಾರಿಗೆ, ಯಾವಾಗ

ಸಾರಿಗೆ ವಾಹನದ ಎಲ್‌ಎಲ್‌ಆರ್‌ಗೆ (ಕಲಿಯುವವರ ಲೈಸೆನ್ಸಿಗೆ) ಅರ್ಜಿ ಹಾಕುವಾಗ ಫಾರಂ 1ಎ ಕಡ್ಡಾಯ. ಇದು ಕಾಯ್ದೆಯ 8ನೇ ಸೆಕ್ಷನ್ನಿನ ಮಾತು. ಈ ಅರ್ಜಿಗೆ ವಯಸ್ಸು 20 ತುಂಬಿರಬೇಕು, ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. ಮುಂದೆ ಲೈಸೆನ್ಸ್ ನವೀಕರಿಸುವಾಗಲೆಲ್ಲ ಹೊಸ ಫಾರಂ 1ಎ ಬೇಕು. ಹಳೆಯದರ ಜೆರಾಕ್ಸ್ ನಡೆಯುವುದಿಲ್ಲ.

2019ರ ತಿದ್ದುಪಡಿಗೆ ಮುಂಚೆ ಸಾರಿಗೆ ಲೈಸೆನ್ಸಿನ ಅವಧಿ ಮೂರು ವರ್ಷ ಇತ್ತು, ಈಗ ಐದು ವರ್ಷ. ಪೆಟ್ರೋಲು, ಎಲ್‌ಪಿಜಿ, ಆ್ಯಸಿಡ್‌ನಂಥ ಅಪಾಯಕಾರಿ ಸರಕು ಸಾಗಿಸುವವರಿಗೆ ಮಾತ್ರ ಮೂರು ವರ್ಷ. ಸ್ವಂತ ಕಾರು, ಬೈಕು ಓಡಿಸುವವರಿಗೆ 40 ತುಂಬುವವರೆಗೆ ಡಾಕ್ಟರ ಕಾಗದ ಬೇಡ. 40 ದಾಟಿದ ಮೇಲಿನ ನವೀಕರಣಕ್ಕೆ ಅವರೂ ಇದೇ ಹಾಳೆ ತರಬೇಕು.

ಟಾಟಾ ಏಸ್, ಬೊಲೆರೊ ಪಿಕಪ್, ಹಳದಿ ಬೋರ್ಡಿನ ಕಾರು ಓಡಿಸುವವರ ವಿಷಯ ಸ್ವಲ್ಪ ಬೇರೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿತು. ಇಲ್ಲಿ ಲೆಕ್ಕಕ್ಕೆ ಹಿಡಿಯುವುದು ಖಾಲಿ ಗಾಡಿಯ ತೂಕವನ್ನಲ್ಲ, ಆರ್‌ಸಿಯಲ್ಲಿ ಬರೆದಿರುವ ಲೋಡ್ ಸಮೇತದ ತೂಕವನ್ನು. ಅಪಾಯಕಾರಿ ಸರಕಿಗೆ ಈ ವಿನಾಯಿತಿ ಇಲ್ಲ. ಹೀಗಾಗಿ ಚಿಕ್ಕ ಗಾಡಿ ಓಡಿಸುವ ಹುಡುಗರು 40ರವರೆಗೆ ಯಾವ ಕಣ್ಣಿನ ಪರೀಕ್ಷೆಯೂ ಇಲ್ಲದೆ ರಸ್ತೆಯಲ್ಲಿರುತ್ತಾರೆ. ಕಾನೂನು ಕೇಳದಿದ್ದರೂ ಅವರು ಎರಡು ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು.

ತಾರೀಖಿನ ಲೆಕ್ಕ

ಲೈಸೆನ್ಸ್ ಮುಗಿದ ಮೇಲೂ 30 ದಿನ ನಡೆಯುತ್ತದೆ ಎಂಬ ಮಾತು ಇನ್ನೂ ಲಾರಿ ಸ್ಟ್ಯಾಂಡುಗಳಲ್ಲಿ ಓಡಾಡುತ್ತಿದೆ. ಆ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ. ಮುಗಿದ ಮಾರನೇ ದಿನದಿಂದಲೇ ನಿಮ್ಮ ಹತ್ತಿರ ಲೈಸೆನ್ಸ್ ಇಲ್ಲವೆಂದೇ ಅರ್ಥ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದವರೆಗೆ ನವೀಕರಣಕ್ಕೆ ಅರ್ಜಿ ಹಾಕಬಹುದು, ಅದನ್ನೂ ದಾಟಿದರೆ ಮತ್ತೆ ಟ್ರ್ಯಾಕ್ ಮೇಲೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಮುಗಿದ ಲೈಸೆನ್ಸಿನಲ್ಲಿ ಓಡಿಸುವಾಗ ಅಪಘಾತವಾದರೆ ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಅದೇ ಹಣವನ್ನು ಮಾಲೀಕರಿಂದ ವಸೂಲಿ ಮಾಡಲು ಹೊರಡಬಹುದು. ಮಾಲೀಕರು ಡ್ರೈವರ್‌ಗಳ ಲೈಸೆನ್ಸ್ ತಾರೀಖನ್ನು ಎಫ್‌ಸಿ, ಇನ್ಶೂರೆನ್ಸ್ ತಾರೀಖಿನ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ತೀರಾ ಬೇಗ ಹೋದರೂ ಲಾಭವಿಲ್ಲ. ಕಾಯ್ದೆಯ ಪ್ರಕಾರ ಹೊಸ ಅವಧಿ ನವೀಕರಣವಾದ ದಿನದಿಂದ ಶುರುವಾಗುವುದರಿಂದ ಹತ್ತು ತಿಂಗಳು ಮೊದಲೇ ಹೋದರೆ ಆ ಹತ್ತು ತಿಂಗಳು ನಷ್ಟ. ಮೂರು ತಿಂಗಳು ಮೊದಲು ಸಕ್ಕರೆ ಮತ್ತು ಕಣ್ಣು ತೋರಿಸಿ, ಒಂದೂವರೆ ತಿಂಗಳು ಮೊದಲು ಫಾರಂ 1ಎ ಮಾಡಿಸಿ, ಅದೇ ವಾರ ಅರ್ಜಿ ಹಾಕಿ. ಏನಾದರೂ ಸರಿಪಡಿಸುವುದಿದ್ದರೆ ಇಷ್ಟು ಸಮಯ ಸಾಕಾಗುತ್ತದೆ.

ಎರಡು ಫಾರಂ, ಎರಡು ಜವಾಬ್ದಾರಿ

ಫಾರಂ 1 ನೀವು ಕೊಡುವ ಘೋಷಣೆ, ಫಾರಂ 1ಎ ಡಾಕ್ಟರು ಕೊಡುವ ಪ್ರಮಾಣಪತ್ರ. ಡಾಕ್ಟರು ಫಾರಂ 1 ಓದಿದ ಮೇಲೆ 1ಎ ತುಂಬುತ್ತಾರೆ, ಅದಕ್ಕೇ ಎರಡೂ ಜೊತೆಗಿರಬೇಕು.

ಫಾರಂ 1ರಲ್ಲಿ ಕೇಳುವುದು ಇಷ್ಟು: ಮೂರ್ಛೆರೋಗ ಇದೆಯೇ, ಯಾವುದೇ ಕಾರಣಕ್ಕೆ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದೋ ತಲೆ ಸುತ್ತುವುದೋ ಉಂಟೇ. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಒಂದೊಂದು ಕಣ್ಣಿನಿಂದಲೂ ಓದಬಲ್ಲಿರಾ (ಕನ್ನಡಕ ಇದ್ದರೆ ಹಾಕಿಕೊಂಡೇ). ಕೈ ಅಥವಾ ಕಾಲು ಕಳೆದುಕೊಂಡಿದ್ದೀರಾ, ಅವುಗಳ ಚಲನೆಯಲ್ಲಿ, ಬಲದಲ್ಲಿ ಕೊರತೆ ಇದೆಯೇ. ಇರುಳುಗುರುಡು ಇದೆಯೇ. ಹಾರ್ನಿನಂಥ ಸಾಮಾನ್ಯ ಶಬ್ದ ಕೇಳಿಸದಷ್ಟು ಕಿವುಡು ಇದೆಯೇ. ಕೊನೆಗೆ, ಜನರಿಗೆ ಅಪಾಯ ತರಬಲ್ಲ ಬೇರೆ ಕಾಯಿಲೆ ಏನಾದರೂ ಇದೆಯೇ.

ಏಜೆಂಟರು ಎಲ್ಲ ಪ್ರಶ್ನೆಗೂ ಒಂದೇ ಸಾಲಿನಲ್ಲಿ ‘ಇಲ್ಲ’ ಎಂದು ಗೀಚುವುದುಂಟು. ಅಲ್ಲೇ ತೊಂದರೆ ಶುರು. ತೊಂದರೆ ಏನೂ ಇಲ್ಲದವರಿಗೆ ನಂಬರ್ ಪ್ಲೇಟಿನ ಪ್ರಶ್ನೆಗೆ ಸರಿಯಾದ ಉತ್ತರ ‘ಹೌದು’, ಮೂರ್ಛೆ, ಕಿವುಡಿನಂಥ ಪ್ರಶ್ನೆಗಳಿಗೆ ‘ಇಲ್ಲ’. ಎಲ್ಲಕ್ಕೂ ‘ಇಲ್ಲ’ ಬರೆದರೆ ನೀವೇ ಸಹಿ ಹಾಕಿ ‘ನನಗೆ ಕಣ್ಣು ಕಾಣಿಸುವುದಿಲ್ಲ’ ಎಂದು ಒಪ್ಪಿಕೊಂಡ ಹಾಗೆ. ಓದಿ ಸಹಿ ಹಾಕಿ, ಓದಲು ಬಾರದಿದ್ದರೆ ಮನೆಯವರಿಂದ ಓದಿಸಿಕೊಳ್ಳಿ.

ಕಣ್ಣು

ಡಾಕ್ಟರು ಅನರ್ಹ ಎನ್ನಲು ದೊಡ್ಡ ಕಾರಣ ಕಣ್ಣು, ಸುಲಭವಾಗಿ ಸರಿಹೋಗುವುದೂ ಅದೇ. 25 ಮೀಟರ್ ಎಂದರೆ ಉದ್ದನೆಯ 12 ಮೀಟರಿನ ಬಸ್ಸು ಎರಡನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ದೂರ. ಡಿಪೊದಲ್ಲೋ ಗ್ಯಾರೇಜಿನಲ್ಲೋ ಟೇಪು ಹಿಡಿದು ಅಳೆದು, ಕೊಳೆಯಿಲ್ಲದ ನಂಬರ್ ಪ್ಲೇಟಿನ ಗಾಡಿಯೊಂದನ್ನು ನಿಲ್ಲಿಸಿ, ಬಿಸಿಲು ಬೆನ್ನಿಗೆ ಬೀಳುವಂತೆ ನಿಂತು ಓದಿ ನೋಡಿ. ಗೊತ್ತಿರುವ ಗಾಡಿ ಬೇಡ, ನಂಬರು ಬಾಯಿಪಾಠವಾಗಿರುತ್ತದೆ. ಮೊದಲು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಆಮೇಲೆ ಬಲಗಣ್ಣನ್ನು. ಬೆರಳಿನಿಂದ ಕಣ್ಣು ಒತ್ತಬೇಡಿ, ಒತ್ತಿದ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತದೆ.

ಕಾರಿನ ನಂಬರ್ ಪ್ಲೇಟಿನ ಅಕ್ಷರದ ಎತ್ತರ ನಿಯಮದಂತೆ 65 ಮಿ.ಮೀ. ಅದನ್ನು 25 ಮೀಟರಿನಿಂದ ಓದುವ ಕಣ್ಣು ಆಸ್ಪತ್ರೆಯ ಅಕ್ಷರಪಟದಲ್ಲಿ 6/9 ಮತ್ತು 6/12ರ ಸಾಲುಗಳ ನಡುವೆ ಬರುತ್ತದೆ. ಆದ್ದರಿಂದ ಕನ್ನಡಕದ ಅಂಗಡಿಯಲ್ಲಿ ‘ಒಂದೊಂದು ಕಣ್ಣಿಗೂ 6/9 ಬರುತ್ತದೆಯೇ’ ಎಂದು ಕೇಳಿ. 6/9 ಬಂದರೆ ನಂಬರ್ ಪ್ಲೇಟು ಓದಲು ತೊಂದರೆಯಿಲ್ಲ. 6/12 ಎಂದರೆ ಅಂಚಿನಲ್ಲಿದ್ದೀರಿ, ಮೋಡದ ದಿನ ತಪ್ಪಬಹುದು. 6/18 ಎಂದರೆ ಓದಲು ಆಗುವುದಿಲ್ಲ. ಎರಡೂ ಕಣ್ಣು ತೆರೆದು ಓದಿದರೆ ಸಾಲದು. ಒಂದು ಕಣ್ಣು ಮಂಜಾಗಿರುವುದು ವರ್ಷಗಟ್ಟಲೆ ಗೊತ್ತಾಗದೇ ಹೋಗುವುದು ಹೀಗೇ, ಇನ್ನೊಂದು ಕಣ್ಣು ಎಲ್ಲ ಕೆಲಸ ಮಾಡಿಬಿಡುತ್ತದೆ.

40ರ ಆಸುಪಾಸಿನಲ್ಲಿ ಬರುವ ಚಾಳೀಸು ಹತ್ತಿರದ್ದನ್ನು ಮಂಜು ಮಾಡುತ್ತದೆ. ಅದರಿಂದ ರಸ್ತೆ ಮಂಜಾಗುವುದಿಲ್ಲ, ಡ್ಯಾಶ್‌ಬೋರ್ಡ್, ಬಿಲ್ಟಿ (ಸರಕಿನ ರಸೀದಿ), ಮೊಬೈಲು ಮಂಜಾಗುತ್ತವೆ. ಸಂತೆಯಲ್ಲಿ ಕೊಂಡ ಚಾಳೀಸು ಕನ್ನಡಕ ಹಾಕಿಕೊಂಡು ಡಾಕ್ಟರ ಮುಂದೆ ಅಕ್ಷರಪಟ ಓದಲು ನಿಂತರೆ, ಬರಿಗಣ್ಣಿಗೆ ಕಾಣುತ್ತಿದ್ದುದೂ ಕಾಣಿಸದು. ದೂರಕ್ಕೆ ಬೇಕಾದ ಕನ್ನಡಕ ಬೇರೆ, ಎರಡೂ ಬೇಕಿದ್ದರೆ ಬೈಫೋಕಲ್ ಮಾಡಿಸಿ. ಬಿಸಿಲಿಗೆ ಕಪ್ಪಾಗುವ ಗಾಜಿಗೆ ಹೆಚ್ಚು ದುಡ್ಡು ಕೊಡಬೇಡಿ. ಅದು ಅತಿನೇರಳೆ ಕಿರಣ ಬಿದ್ದರೆ ಮಾತ್ರ ಕಪ್ಪಾಗುವಂಥದ್ದು, ಮುಂಗಾಜು ಆ ಕಿರಣವನ್ನೇ ತಡೆಯುವುದರಿಂದ ಕ್ಯಾಬಿನ್ನಿನೊಳಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ‘ನೈಟ್ ಡ್ರೈವಿಂಗ್’ ಎಂದು ಮಾರುವ ಹಳದಿ ಕನ್ನಡಕವೂ ಬೇಡ. ಅದು ಕಣ್ಣಿಗೆ ಬರುವ ಬೆಳಕನ್ನೇ ಕಡಿಮೆ ಮಾಡುತ್ತದೆ. ಆ ದುಡ್ಡಿಗೆ ಅದೇ ನಂಬರಿನ ಇನ್ನೊಂದು ಕನ್ನಡಕ ಮಾಡಿಸಿ ಕ್ಯಾಬಿನ್ನಿನಲ್ಲಿಡಿ.

ಸಕ್ಕರೆ ಕಾಯಿಲೆ ಇರುವವರು ಗಮನಿಸಬೇಕಾದ್ದು ಒಂದಿದೆ. ರಕ್ತದಲ್ಲಿ ಸಕ್ಕರೆ ಏರುಪೇರಾದಾಗ ಕಣ್ಣಿನೊಳಗಿನ ಮಸೂರದ ನೀರಿನಂಶ ಬದಲಾಗಿ ಕನ್ನಡಕದ ನಂಬರೇ ಬದಲಾಗುತ್ತದೆ. ಸಕ್ಕರೆ 300 ಇದ್ದಾಗ ಮಾಡಿಸಿದ ಕನ್ನಡಕ, ಔಷಧಿ ಶುರುವಾಗಿ ಸಕ್ಕರೆ ಇಳಿದ ಮೇಲೆ ಹೊಂದುವುದಿಲ್ಲ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಅದೇ ಮಟ್ಟದಲ್ಲಿ ನಿಂತ ಮೇಲೆ ನಂಬರ್ ತೆಗೆಸಿ. ಕಣ್ಣಿನ ಪೊರೆ ತೆಗೆಸಿದವರಿಗೂ ಇದೇ ಮಾತು, ಆಪರೇಷನ್ ಆಗಿ ನಾಲ್ಕರಿಂದ ಆರು ವಾರ ಕಳೆದ ಮೇಲಷ್ಟೇ ಕನ್ನಡಕದ ಕೊನೆಯ ನಂಬರ್ ಬರೆಯುತ್ತಾರೆ. ಫಾರಂ 1ಎ ಇಟ್ಟುಕೊಳ್ಳಬೇಕಾದ್ದು ಅದರ ನಂತರ.

ಪೊರೆ ಬೆಳೆಯುತ್ತಿರುವುದು ಹಗಲಿಗಿಂತ ಮೊದಲು ರಾತ್ರಿ ಗೊತ್ತಾಗುತ್ತದೆ. ಎದುರು ಗಾಡಿಯ ಹೈಬೀಮಿನ ಸುತ್ತ ಬೆಳಕು ಚದುರಿ ಬಳೆಯಂತೆ ಕಾಣಿಸಿದರೆ, ಗಾಡಿ ದಾಟಿದ ಮೇಲೂ ರಸ್ತೆಯಂಚು ಸ್ವಲ್ಪ ಹೊತ್ತು ಕಾಣದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಇರುಳುಗುರುಡು ಬೇರೆಯದು. ಸಂಜೆಯ ಮಬ್ಬಿನಲ್ಲೇ ತಡವರಿಸುವಂತಾಗುತ್ತದೆ. ಎ ಜೀವಸತ್ವದ ಕೊರತೆಯಿಂದ ಬಂದಿದ್ದರೆ ಔಷಧಿಗೆ ವಾಸಿಯಾಗುತ್ತದೆ. ವಂಶದಲ್ಲಿ ಬರುವ ಅಕ್ಷಿಪಟಲದ ಕಾಯಿಲೆಯಿಂದ ಬಂದಿದ್ದರೆ ಆಗುವುದಿಲ್ಲ, ಅಂಥವರಿಗೆ ಹೆವಿ ಗಾಡಿ ಸಲ್ಲದು.

ಬಣ್ಣದ ಪರೀಕ್ಷೆಗೆ ಸಾಮಾನ್ಯವಾಗಿ ಇಶಿಹಾರ ಪುಸ್ತಕ ಬಳಸುತ್ತಾರೆ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುತ್ತದೆ. ಹಗಲು ಬೆಳಕಿನಲ್ಲಿ, ಸುಮಾರು ಮುಕ್ಕಾಲು ಮೀಟರ್ ದೂರದಿಂದ, ಪ್ರತಿ ಪುಟಕ್ಕೆ ಮೂರು ಸೆಕೆಂಡಿನಲ್ಲಿ ಹೇಳಬೇಕು. ಹಳದಿ ಬಲ್ಬಿನ ಕೆಳಗೆ ತೋರಿಸಿದರೆ ಸರಿಯಿದ್ದವರೂ ತಪ್ಪಬಹುದು, ಕಿಟಕಿಯ ಬಳಿ ತೋರಿಸಲು ಕೇಳಿ. ಮೊದಲು ಈ ಪುಸ್ತಕದಲ್ಲಿ ತಪ್ಪಿದರೆ ಕತೆ ಮುಗಿದಂತೆಯೇ ಇತ್ತು. 2020ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಫಾರಂ 1 ಮತ್ತು 1ಎ ತಿದ್ದಿ, ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೂ ಲೈಸೆನ್ಸ್ ಸಿಗುವಂತೆ ಮಾಡಿತು. ತೀವ್ರ ಇದ್ದವರಿಗೆ ಈಗಲೂ ಇಲ್ಲ. ಇಶಿಹಾರ ಪುಸ್ತಕ ‘ದೋಷ ಇದೆ’ ಎಂದು ಹಿಡಿಯುತ್ತದೆಯೇ ಹೊರತು ಎಷ್ಟು ಎಂದು ಸರಿಯಾಗಿ ಹೇಳುವುದಿಲ್ಲ. ಪುಸ್ತಕದಲ್ಲಿ ತಪ್ಪಿದವರು ಬೆಂಗಳೂರಿನ ಮಿಂಟೊದಂಥ ಸರ್ಕಾರಿ ಕಣ್ಣಾಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗದಲ್ಲೋ ಪ್ರಮಾಣ ಅಳೆಯುವ ಪರೀಕ್ಷೆ ಮಾಡಿಸಿ, ‘ಅಲ್ಪ’, ‘ಮಧ್ಯಮ’ ಅಥವಾ ‘ತೀವ್ರ’ ಎಂದು ಬರೆಸಿಕೊಂಡು ಬರಬೇಕು. ಬಣ್ಣದ ಗಾಜಿನ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಅಂಕಿ ಓದುವ ಉಪಾಯ ಅಂತರ್ಜಾಲದಲ್ಲಿ ಸಿಗುತ್ತದೆ. ಅದರಿಂದ ಪುಸ್ತಕ ಪಾಸಾದೀತು, ಮಂಜಿನಲ್ಲಿ ಬ್ರೇಕ್ ಲೈಟು ಕಾಣದು.

ಕಿವಿ, ಕೈಕಾಲು

ಕಿವಿಯ ಪ್ರಶ್ನೆಯಲ್ಲಿ ಒಂದು ಸೂಕ್ಷ್ಮವಿದೆ. ಶ್ರವಣ ಸಾಧನ ಹಾಕಿಕೊಂಡೋ ಹಾಕದೆಯೋ ಎಂಬ ಮಾತು ಫಾರಂ 1ರಲ್ಲಿ ಲಘು ವಾಹನದ ಅರ್ಜಿಗೆ ಮಾತ್ರ ಇದೆ. ಅಂದರೆ ಲಾರಿ, ಬಸ್ಸಿಗೆ ಬರಿಕಿವಿಗೇ ಹಾರ್ನ್ ಕೇಳಿಸಬೇಕು. ಡಾಕ್ಟರು ಹಿಂದೆ ನಿಂತು ಪಿಸುಮಾತಾಡಿ ಅಥವಾ ಶ್ರುತಿಕಡ್ಡಿ ಬಾರಿಸಿ ನೋಡುತ್ತಾರೆ, ಅನುಮಾನ ಬಂದರೆ ಯಂತ್ರದಿಂದ ಕಿವಿ ಅಳೆಯುವ ಆಡಿಯೊಮೆಟ್ರಿಗೆ ಕಳಿಸುತ್ತಾರೆ. ಹಳೆಯ ಗಾಡಿಯ ಎಂಜಿನ್ ಪಕ್ಕದಲ್ಲೇ ವರ್ಷಗಟ್ಟಲೆ ಕೂತವರಿಗೆ ಕೀರಲು ದನಿಗಳು ಮೊದಲು ಕೇಳಿಸದಾಗುತ್ತವೆ. ಅನೇಕ ಸಲ ಕಾರಣ ಬರೀ ಗುಗ್ಗೆ. ಒಂದು ವಾರ ಮೊದಲು ಕಿವಿ ಡಾಕ್ಟರ ಹತ್ತಿರ ತೆಗೆಸಿಕೊಳ್ಳಿ, ಬೆಂಕಿಕಡ್ಡಿ ಹಾಕಿ ಒಳಗೆ ತಳ್ಳಬೇಡಿ.

ಕೈಕಾಲಿನ ವಿಷಯದಲ್ಲಿ ಡಾಕ್ಟರು ನೋಡುವುದು ಅಂಗದ ಅಂದವನ್ನಲ್ಲ, ಕೆಲಸವನ್ನು: ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿಯುವ ಎಡಗಾಲಿನ ಬಲ, ಬ್ರೇಕಿನ ಮೇಲೆ ಬಲಗಾಲು, ಎರಡೂ ಕೈಯ ಹಿಡಿತ, ಹಿಂದಕ್ಕೆ ನೋಡಲು ಕತ್ತು ತಿರುಗುವುದು. ಮೂಳೆ ಮುರಿದು ರಾಡ್ ಹಾಕಿಸಿಕೊಂಡವರು ಆಪರೇಷನ್ನಿನ ಡಿಸ್ಚಾರ್ಜ್ ಕಾಗದ ಮತ್ತು ಇತ್ತೀಚಿನ ಎಕ್ಸ್‌ರೇ ಒಯ್ದರೆ ಮಾತು ಬೇಗ ಮುಗಿಯುತ್ತದೆ. ಒಂದು ಬೆರಳು ಇಲ್ಲ ಎಂದ ಮಾತ್ರಕ್ಕೆ ಯಾರೂ ತಿರಸ್ಕರಿಸಬೇಕಿಲ್ಲ. ‘ಚಾಲನೆಗೆ ಅಡ್ಡಿಯಾಗುತ್ತದೆಯೇ’ ಎಂಬುದಷ್ಟೇ ಫಾರಂ ಕೇಳುವ ಪ್ರಶ್ನೆ.

ಸಕ್ಕರೆ, ಬಿಪಿ, ಮೂರ್ಛೆ, ನಿದ್ದೆ

ಫಾರಂ 1ಎಯಲ್ಲಿ ಸಕ್ಕರೆಗೂ ಬಿಪಿಗೂ ಅಂಕಣವೇ ಇಲ್ಲ. ಇದು ಆ ಫಾರಂನ ದೊಡ್ಡ ಕೊರತೆ. ಹೆದ್ದಾರಿಯಲ್ಲಿ ಡ್ರೈವರ್ ಸ್ಟೇರಿಂಗ್ ಮೇಲೆ ಕುಸಿಯಲು ಕಾರಣವಾಗುವ ಕಾಯಿಲೆಗಳೇ ಅದರಲ್ಲಿಲ್ಲ. ಆದರೂ ಫಾರಂ 1ರ ‘ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು’ ಮತ್ತು ‘ಬೇರೆ ಕಾಯಿಲೆ’ ಎಂಬ ಪ್ರಶ್ನೆಗಳಡಿ ಇವು ಬರುತ್ತವೆ, ಜವಾಬ್ದಾರಿಯುಳ್ಳ ಡಾಕ್ಟರು ಕೇಳಿಯೇ ಕೇಳುತ್ತಾರೆ. ಸಕ್ಕರೆ ಇದೆ ಎಂದ ಮಾತ್ರಕ್ಕೆ ಲೈಸೆನ್ಸ್ ಹೋಗುವುದಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ, ನುಂಗುತ್ತಿರುವ ಮಾತ್ರೆಗಳ ಚೀಟಿ, ವರ್ಷದೊಳಗೆ ಮಾಡಿಸಿದ ಅಕ್ಷಿಪಟಲ ಪರೀಕ್ಷೆ ಈ ಮೂರನ್ನೂ ಜೊತೆಗೊಯ್ಯಿರಿ.

ಡ್ರೈವರ್‌ಗೆ ಹೆಚ್ಚಿದ ಸಕ್ಕರೆಗಿಂತ ಇಳಿದ ಸಕ್ಕರೆ ಅಪಾಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಕೈನಡುಕ, ಬೆವರು, ಮಂಕು ಶುರುವಾಗಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ. ಲಕ್ಷಣ ಕಂಡ ಕೂಡಲೇ ಗಾಡಿ ಬದಿಗೆ ಹಾಕಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ನೋಡಿ. ಸರಿಹೋದ ಮೇಲೂ ಏನಾದರೂ ತಿಂದು ಮುಕ್ಕಾಲು ಗಂಟೆ ಕಳೆಯುವವರೆಗೆ ಎಂಜಿನ್ ಮುಟ್ಟಬೇಡಿ, ಮಿದುಳು ಚೇತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು.

ಬಿಪಿಗೂ ಕಾನೂನಿನಲ್ಲಿ ಇಂತಿಷ್ಟೇ ಎಂಬ ಅಂಕಿ ಇಲ್ಲ, ಡಾಕ್ಟರ ತೀರ್ಮಾನವೇ ಕೊನೆ. ರಾತ್ರಿಯಿಡೀ ಗಾಡಿ ಓಡಿಸಿ ಬಂದು, ಬೀಡಿ ಸೇದಿ, ಕಾಫಿ ಕುಡಿದು, ಮೆಟ್ಟಿಲು ಹತ್ತಿ ಪಟ್ಟಿ ಕಟ್ಟಿಸಿಕೊಂಡರೆ ಯಾರಿಗಾದರೂ ಹೆಚ್ಚೇ ಬರುತ್ತದೆ. ಹಿಂದಿನ ರಾತ್ರಿ ಮಲಗಿ, ಅರ್ಧ ಗಂಟೆ ಮೊದಲು ಬೀಡಿ ಕಾಫಿ ಬಿಟ್ಟು, ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿಸಿ. ದಿನದ ಮಾತ್ರೆ ತಪ್ಪಿಸಬೇಡಿ. ‘ಪರೀಕ್ಷೆ ಇದೆ’ ಎಂದು ಆವತ್ತು ಮಾತ್ರೆ ಬಿಟ್ಟು ಬರುವವರು ಎಷ್ಟೋ ಜನ.

ಮೂರ್ಛೆರೋಗ ಇರುವವರು ಅದನ್ನು ಮುಚ್ಚಿಡಬಾರದು. ಒಂದೇ ಸಲ ಬಿದ್ದಿದ್ದರೂ, ಅದು ಫಿಟ್ಸೋ, ಸಕ್ಕರೆ ಇಳಿದದ್ದೋ, ಹೃದಯದ ಬಡಿತದ ತೊಂದರೆಯೋ ಎಂದು ನರರೋಗ ತಜ್ಞರಿಂದ ಬರೆಸಿಕೊಂಡ ಮೇಲಷ್ಟೇ ಮುಂದಿನ ಮಾತು. ಕಾಯಿಲೆ ಇದೆಯೆಂದು ಗೊತ್ತಿದ್ದೂ ಓಡಿಸಿದರೆ 186ನೇ ಸೆಕ್ಷನ್ನಿನಡಿ ಮೊದಲ ಸಲ 1,000, ಮತ್ತೆ ಮಾಡಿದರೆ 2,000 ರೂಪಾಯಿವರೆಗೆ ದಂಡ. ದಂಡ ಸಣ್ಣದೇ, ಅಪಘಾತದ ಕೇಸಿನಲ್ಲಿ ಆ ‘ಗೊತ್ತಿದ್ದೂ’ ಎಂಬುದು ದೊಡ್ಡದಾಗುತ್ತದೆ.

ಗೊರಕೆಯ ಬಗ್ಗೆ ಫಾರಂ ಏನೂ ಕೇಳುವುದಿಲ್ಲ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ, ಕತ್ತಿನ ಸುತ್ತಳತೆ 40 ಸೆಂ.ಮೀ.ಗಿಂತ ಹೆಚ್ಚು, ಇವೆಲ್ಲ ಕೂಡಿದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ. ನೆಗಡಿಗೆ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಇದ್ದರೆ ತೂಕಡಿಕೆ ಬರುತ್ತದೆ. ‘ಗಾಡಿ ಓಡಿಸುತ್ತೇನೆ, ನಿದ್ದೆ ಬಾರದ್ದು ಕೊಡಿ’ ಎಂದು ಕೇಳಿ.

ಹಾಳೆ ಸರಿಯಾಗಿ ತುಂಬಿಸಿಕೊಳ್ಳುವುದು

ಸಹಿ ಹಾಕುವವರು ನೋಂದಾಯಿತ ವೈದ್ಯರಾಗಿದ್ದರೆ ಸಾಲದು, ಈ ಕೆಲಸಕ್ಕೆ ರಾಜ್ಯ ಸರ್ಕಾರ ನೇಮಿಸಿದವರಾಗಿರಬೇಕು. ಯಾರ ಸಹಿ ನಡೆಯುತ್ತದೆ ಎಂದು ನಿಮ್ಮ ಆರ್‌ಟಿಒದಲ್ಲಿ ಮೊದಲೇ ಕೇಳಿ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯಾಧಿಕಾರಿಯ ಹತ್ತಿರ ಹೋದರೆ ತಕರಾರು ಕಡಿಮೆ. ಅಲ್ಲಿ ಹೊರರೋಗಿಗಳ ಗದ್ದಲ ಕಡಿಮೆಯಾದ ಮೇಲೆ ಹೋಗಿ, ಪರೀಕ್ಷೆಗೆ ಡಾಕ್ಟರಿಗೂ ಸಮಯ ಬೇಕು.

ಒಯ್ಯಬೇಕಾದ್ದು: ತುಂಬಿದ ಫಾರಂ 1, ಖಾಲಿ ಫಾರಂ 1ಎ, ಇತ್ತೀಚಿನ ಪಾಸ್‌ಪೋರ್ಟ್ ಸೈಜ್ ಫೋಟೊ, ಆಧಾರ್, ಹಳೆಯ ಲೈಸೆನ್ಸ್, ಕನ್ನಡಕ ಮತ್ತು ಅದರ ಚೀಟಿ, ಮೇಲೆ ಹೇಳಿದ ವರದಿಗಳು.

ಫಾರಂ 1ಎ ಕೈಗೆ ಬಂದ ಕೂಡಲೇ ಆ ಕೋಣೆ ಬಿಡುವ ಮೊದಲು ಓದಿಕೊಳ್ಳಿ. ಆರ್‌ಟಿಒದಿಂದ ಎಷ್ಟೋ ಅರ್ಜಿಗಳು ವಾಪಸಾಗುವುದು ಕಾಯಿಲೆಗಲ್ಲ, ಇಲ್ಲಿನ ಸಣ್ಣ ತಪ್ಪುಗಳಿಗೆ. ಫೋಟೊದ ಮೇಲೆ ಡಾಕ್ಟರ ಸಹಿ ಅರ್ಧ ಫೋಟೊಕ್ಕೆ, ಅರ್ಧ ಕಾಗದಕ್ಕೆ ಬರುವಂತೆ ಇರಬೇಕೆಂದು ಫಾರಂನಲ್ಲೇ ಬರೆದಿದೆ. ಕಾಗದದ ಮೇಲೆ ಮಾತ್ರ ಸಹಿ ಇದ್ದರೆ ಫೋಟೊ ಬದಲಿಸಿದ್ದಾರೆಂಬ ಅನುಮಾನಕ್ಕೆ ಎಡೆ. ಎರಡು ಗುರುತಿನ ಚಿಹ್ನೆಗಳಲ್ಲಿ ಒಂದನ್ನಷ್ಟೇ ಬರೆದು ಬಿಡುವುದು ಸಾಮಾನ್ಯ. ‘ಅರ್ಹ / ಅನರ್ಹ’ ಎಂಬಲ್ಲಿ ಬೇಡದ್ದನ್ನು ಹೊಡೆದುಹಾಕದೆ ಬಿಟ್ಟರೆ ಪ್ರಮಾಣಪತ್ರ ಏನನ್ನೂ ಹೇಳಿದಂತಾಗುವುದಿಲ್ಲ. ಡಾಕ್ಟರ ಹೆಸರು, ಹುದ್ದೆ, ನೋಂದಣಿ ಸಂಖ್ಯೆ, ಸೀಲು ನಾಲ್ಕೂ ಓದಲು ಬರಬೇಕು. ಕೆಳಗೆ ನಿಮ್ಮ ಸಹಿ ಅಥವಾ ಹೆಬ್ಬೆಟ್ಟು ಇರಬೇಕು. ನಿಮ್ಮ ಹೆಸರು ಆಧಾರ್‌ನಲ್ಲಿ, ಹಳೆಯ ಲೈಸೆನ್ಸಿನಲ್ಲಿ, ಇಲ್ಲಿ ಒಂದೇ ರೀತಿ ಇರಲಿ. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬುದಕ್ಕೂ ಅರ್ಜಿ ನಿಂತುಹೋಗಬಹುದು.

ರಕ್ತದ ಗುಂಪು ಬರೆಸುವುದು ನಿಮ್ಮ ಇಷ್ಟ. ಬರೆಸುವುದಾದರೆ ಲ್ಯಾಬ್ ವರದಿ ನೋಡಿ ಬರೆಸಿ, ನೆನಪಿನಿಂದ ಹೇಳಬೇಡಿ.

ಆಮೇಲೆ ಲೈಸೆನ್ಸ್ ಅರ್ಜಿಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್ಲಿನಲ್ಲಿ ಕರ್ನಾಟಕ ಆರಿಸಿ, ನವೀಕರಣದ ಅರ್ಜಿ ತುಂಬಿ, ಎರಡೂ ಫಾರಂ ಸ್ಕ್ಯಾನ್ ಮಾಡಿ ಏರಿಸಬೇಕು. ಮೊಬೈಲಿನಲ್ಲಿ ಫೋಟೊ ತೆಗೆದರೆ ಸೀಲಿನ ನೀಲಿ ಶಾಯಿ ಮಸುಕಾಗಿ ನೋಂದಣಿ ಸಂಖ್ಯೆ ಕಾಣದೇ ಹೋಗುತ್ತದೆ, ಸ್ಕ್ಯಾನರಿನಲ್ಲೇ ಮಾಡಿಸಿ. ಮೂಲ ಪ್ರತಿ ಜೊತೆಗಿರಲಿ, ಆರ್‌ಟಿಒಗೆ ಹೋದ ದಿನ ಕೇಳುತ್ತಾರೆ. ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಏಜೆಂಟರ ನಂಬರ್ ಕೊಟ್ಟರೆ ಅರ್ಜಿ ಯಾಕೆ ನಿಂತಿದೆ ಎಂಬ ಸಂದೇಶ ಅವರಿಗೇ ಹೋಗುತ್ತದೆ.

ಟ್ಯಾಂಕರ್ ಡ್ರೈವರ್‌ಗಳಿಗೆ ಇನ್ನೂ ಮೂರು ಪರೀಕ್ಷೆ

ಅಪಾಯಕಾರಿ ಸರಕಿನ ಗಾಡಿ ಓಡಿಸುವವರನ್ನು ಪ್ರತಿಕ್ರಿಯೆಯ ವೇಗ, ಪಕ್ಕದ ನೋಟ, ಕಣ್ಣು ಕೋರೈಸಿದ ಮೇಲಿನ ಚೇತರಿಕೆ ಈ ಮೂರಕ್ಕೂ ಖುದ್ದಾಗಿ ಪರೀಕ್ಷಿಸಿದ್ದೇನೆ ಎಂದು ಡಾಕ್ಟರು ಪ್ರಮಾಣೀಕರಿಸಬೇಕು. ಮಾಮೂಲಿ ಲಾರಿಯವರ ಹಾಳೆಯಲ್ಲಿ ಈ ಸಾಲು ಹೊಡೆದುಹಾಕಿರುತ್ತಾರೆ. ಅದೇ ಅಭ್ಯಾಸದಲ್ಲಿ ಟ್ಯಾಂಕರಿನವರ ಹಾಳೆಯಲ್ಲೂ ಹೊಡೆದರೆ ಅರ್ಜಿ ನಿಲ್ಲುತ್ತದೆ, ‘ಟ್ಯಾಂಕರ್‌ಗೆ’ ಎಂದು ಮೊದಲೇ ಹೇಳಿ.

ಪ್ರತಿಕ್ರಿಯೆಯ ವೇಗ ನೋಡಲು ಸರಳ ದಾರಿ ಸ್ಕೇಲು ಬೀಳಿಸುವುದು. ನಿಮ್ಮ ಬೆರಳುಗಳ ನಡುವೆ ಬಿಟ್ಟ ಸ್ಕೇಲನ್ನು 20 ಸೆಂ.ಮೀ. ಬೀಳುವಷ್ಟರಲ್ಲಿ ಹಿಡಿದರೆ ಸುಮಾರು 0.2 ಸೆಕೆಂಡ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡಿನ ತಡವೆಂದರೆ ಬ್ರೇಕ್ ಮುಟ್ಟುವ ಮೊದಲೇ ಎಂಟು ಮೀಟರಿಗಿಂತ ಹೆಚ್ಚು ಮುಂದೆ. ಪಕ್ಕದ ನೋಟಕ್ಕೆ ಡಾಕ್ಟರು ಎದುರು ಕೂತು, ನೀವು ಅವರ ಮೂಗನ್ನೇ ನೋಡುತ್ತಿರುವಾಗ ಪಕ್ಕದಿಂದ ಬೆರಳು ತರುತ್ತಾರೆ. ಕಣ್ಣು ಹೊರಳಿಸಬೇಡಿ, ಬೆರಳು ಕಂಡ ಕೂಡಲೇ ಹೇಳಿ. ಗ್ಲಕೋಮ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ಬರುವ ಕಾಯಿಲೆ) ಮೊದಲು ತಿನ್ನುವುದು ಈ ಪಕ್ಕದ ನೋಟವನ್ನೇ, ಅದೂ ನೋವಿಲ್ಲದೆ. ಕನ್ನಡಿಯಲ್ಲಿ ಬೈಕು ಕಾಣಿಸದೆ ಪದೇ ಪದೇ ಬೆಚ್ಚುವವರು ಕಣ್ಣಿನ ಒತ್ತಡ ನೋಡಿಸಬೇಕು. ಚೇತರಿಕೆಯ ಪರೀಕ್ಷೆಯಲ್ಲಿ ಹತ್ತು ಸೆಕೆಂಡ್ ಟಾರ್ಚ್ ಬಿಟ್ಟು, ಮತ್ತೆ ಅಕ್ಷರ ಓದಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುತ್ತಾರೆ. ಆರೋಗ್ಯದ ಕಣ್ಣು ಒಂದು ನಿಮಿಷದೊಳಗೆ ಓದುತ್ತದೆ.

ಅನರ್ಹ ಎಂದು ಬರೆದರೆ

ಡಾಕ್ಟರು ಅನರ್ಹ ಎಂದರೆ ಕಾರಣವನ್ನೂ ಬರೆಯಬೇಕು, ಅದಕ್ಕೆ ಫಾರಂನಲ್ಲೇ ಜಾಗವಿದೆ. ಆ ಕಾರಣ ಸರಿಹೋಗುವಂಥದ್ದಾದರೆ (ಕನ್ನಡಕ, ಪೊರೆ, ಸಕ್ಕರೆ, ಕಿವಿಯ ಗುಗ್ಗೆ) ಸರಿಪಡಿಸಿಕೊಂಡು ಅದೇ ಡಾಕ್ಟರ ಹತ್ತಿರ ಮತ್ತೆ ಹೋಗಿ, ಹಳೆಯ ವರದಿ ಅವರ ಮುಂದಿದ್ದರೆ ಬದಲಾವಣೆ ಕಾಣುತ್ತದೆ. ಊರೂರು ಸುತ್ತಿ ಸಹಿ ಹಾಕುವವರನ್ನು ಹುಡುಕುವುದರಿಂದ ಕಾಯಿಲೆ ಹೋಗುವುದಿಲ್ಲ.

ಆರ್‌ಟಿಒ ಲೈಸೆನ್ಸ್ ನಿರಾಕರಿಸಿದರೆ ಅಥವಾ ರದ್ದು ಮಾಡಿದರೆ ಕಾರಣ ಬರೆದ ಆದೇಶ ಕೊಡಬೇಕು. ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ‘ಆಗಲ್ಲ ಹೋಗಿ’ ಎಂದರೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ, ಬರೆದುಕೊಡಿ ಎಂದು ಕೇಳಿ. ಲೈಸೆನ್ಸ್ ಅವಧಿ ಇನ್ನೂ ಬಾಕಿಯಿದ್ದರೂ, ಡ್ರೈವರ್‌ಗೆ ಅಪಾಯದ ಕಾಯಿಲೆಯಿದೆ ಎಂದು ನಂಬಲು ಕಾರಣವಿದ್ದರೆ ಹೊಸ ವೈದ್ಯಕೀಯ ಪ್ರಮಾಣಪತ್ರ ತರಲು ಹೇಳುವ ಅಧಿಕಾರ 16ನೇ ಸೆಕ್ಷನ್ನಿನಲ್ಲಿದೆ.

ಕೆಎಸ್‌ಆರ್‌ಟಿಸಿ, ಬಿಎಂಟಿಸಿಯಂಥ ಸರ್ಕಾರಿ ನಿಗಮಗಳ ಡ್ರೈವರ್‌ಗಳು ಸೇವೆಯ ನಡುವೆ ಅನರ್ಹರಾದರೆ ಕೆಲಸವೇ ಹೋಯಿತೆಂದು ಹೆದರಿ ಕಣ್ಣಿನ ತೊಂದರೆ ಮುಚ್ಚಿಡುತ್ತಾರೆ. ಮುಚ್ಚಿಡಬೇಕಿಲ್ಲ. ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು, ಹುದ್ದೆ ಇಲ್ಲದಿದ್ದರೆ ಸೃಷ್ಟಿಸಿಯಾದರೂ ಇಟ್ಟುಕೊಳ್ಳಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ಬಣ್ಣಗುರುಡೆಂದು ಮನೆಗೆ ಕಳಿಸಲ್ಪಟ್ಟ ತೆಲಂಗಾಣ ಸಾರಿಗೆ ಸಂಸ್ಥೆಯ ಡ್ರೈವರ್ ಒಬ್ಬರಿಗೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಕೆಲಸ ಕೊಡುವಂತೆ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಆದೇಶಿಸಿತು. ನಿಗಮದ ವೈದ್ಯಕೀಯ ವರದಿಯ ಪ್ರತಿ ತೆಗೆದುಕೊಂಡು, ಬದಲಿ ಹುದ್ದೆ ಕೋರಿ ಡಿಪೊ ವ್ಯವಸ್ಥಾಪಕರ ಮೂಲಕ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಮಾಡಿ ಎಂದು ಯಾರಾದರೂ ಹೇಳಿದರೆ, ಈ ಅರ್ಜಿಗೆ ಉತ್ತರ ಬರುವವರೆಗೆ ಮಾಡಬೇಡಿ.